ಬಾಚಿ, ಸೂತ್ರ ಮತ್ತು ಮರದ ಆಯ್ಕೆ: ಭಾತಂಬ್ರಾ ಸೀಮೆಯ ಬಡಗಿತನದ ಇತಿಹಾಸ

ಕಲ್ಲಿನ ಇತಿಹಾಸವನ್ನು ಬರೆಯುವುದು ಸುಲಭ, ಮರದ ಇತಿಹಾಸವನ್ನು ಬರೆಯುವುದು ಕಷ್ಟ. ಬೀದರ ಜಿಲ್ಲೆಯಲ್ಲಿ ಈ ಮಾತಿಗೆ ಹೆಜ್ಜೆಹೆಜ್ಜೆಗೂ ಸಾಕ್ಷಿ ದೊರೆಯುತ್ತದೆ. ಹುಮನಾಬಾದ ತಾಲ್ಲೂಕಿನ ಜಲಸಂಗಿಯಲ್ಲಿ, ಬಸವಕಲ್ಯಾಣದ ಸಮೀಪದ ನಾರಾಯಣಪುರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೇವಾಲಯಗಳು ಇಂದಿಗೂ ನಿಂತಿವೆ. ಆ ಕಾಲದ ಜನರು ಮಲಗಿದ ಮಂಚ, ತೂಗಿದ ತೊಟ್ಟಿಲು, ಉತ್ತ ನೇಗಿಲು, ಏರಿದ ಬಂಡಿ, ಮುಚ್ಚಿದ ಕದ ಇವು ಯಾವುವೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೆಲವನ್ನು ಗೆದ್ದಲು ತಿಂದಿತು, ಕೆಲವನ್ನು ಮಳೆ ಕೊಳೆಸಿತು, ಉಳಿದವು ಮುರಿದ ಮೇಲೆ ಒಲೆಯ ಸೌದೆಯಾದವು. ಲೋಹದ ಕಸುಬಿಗೆ ಈ ಗತಿ ಬರಲಿಲ್ಲ. ಬಿದ್ರಿ ಕಲೆಯ ಹೂಜಿ, ಹುಕ್ಕಾ, ತಬಕುಗಳು ವಸ್ತುಸಂಗ್ರಹಾಲಯಗಳನ್ನು ಸೇರಿದವು. 2006ರಲ್ಲಿ ಆ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಲಭಿಸಿತು. ಅದೇ ನಾಡಿನ ಬಡಗಿಯ ಕಸುಬು ಮಾತ್ರ ಹೆಸರಿಲ್ಲದೆ ಉಳಿಯಿತು.

ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಕೋಟೆಯುಳ್ಳ ಊರು. ಸುತ್ತಲೂ ಎರೆಭೂಮಿ, ಜೋಳ, ತೊಗರಿ, ಕಬ್ಬು ಬೆಳೆಯುವ ಹೊಲಗಳು. ತಾಲ್ಲೂಕಿನಲ್ಲಿ ಮಾಂಜ್ರಾ ಮತ್ತು ಕಾರಂಜಾ ನದಿಗಳು ಹರಿಯುತ್ತವೆ. ಇಲ್ಲಿ ಕನ್ನಡ, ಮರಾಠಿ, ಉರ್ದು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ತೆಲುಗು ನಾಡೂ ದೂರವಿಲ್ಲ. ಮಲೆನಾಡಿನಂತೆ ದಟ್ಟವಾದ ಕಾಡು ಈ ಸೀಮೆಯಲ್ಲಿಲ್ಲ. ಹೊಲದ ಬದುವಿನ ಜಾಲಿ, ಮನೆಯ ಮುಂದಿನ ಬೇವು, ತೋಟದ ಮಾವು, ಊರ ಹೊರಗಿನ ಹುಣಸೆ, ಹಳ್ಳದ ದಂಡೆಯ ಬಿದಿರು, ಇಷ್ಟೇ ಬಡಗಿಯ ಭಂಡಾರ. ಮರ ಹೇರಳವಾಗಿರುವಲ್ಲಿ ಬಡಗಿ ಕೈಗೆ ಸಿಕ್ಕಿದ್ದನ್ನು ಕಡಿಯಬಲ್ಲ; ಮರ ಕಡಮೆಯಿರುವಲ್ಲಿ ಆತ ಆರಿಸಲೇಬೇಕು. ಯಾವ ಕೆಲಸಕ್ಕೆ ಯಾವ ಮರ, ಯಾವ ಮರಕ್ಕೆ ಯಾವ ಉಪಕರಣ ಎಂಬ ವಿವೇಕವೇ ಈ ಸೀಮೆಯ ಬಡಗಿತನದ ತಿರುಳು. ವಸ್ತುಗಳು ಅಳಿದರೂ ಆ ವಿವೇಕದ ಗುರುತುಗಳು ಎರಡೆಡೆ ಉಳಿದಿವೆ: ಒಂದು, ಉಪಕರಣಗಳ ಹೆಸರುಗಳಲ್ಲಿ, ಎರಡು, ಹಳೆಯ ಗ್ರಂಥಗಳಲ್ಲಿ.

ಬಡಗಿ ಮತ್ತು ಬಾಚಿ

ಮೊದಲು ಕಸುಬುದಾರನ ಹೆಸರನ್ನೇ ನೋಡಬಹುದು. ಕನ್ನಡದ ‘ಬಡಗಿ’ ಸಂಸ್ಕೃತದ ‘ವರ್ಧಕಿ’ಯ ತದ್ಭವ. ಪ್ರಾಕೃತದಲ್ಲಿ ಇದು ‘ವಡ್ಢಈ’ ಎಂದಾಗುತ್ತದೆ. ಹಿಂದಿ–ಉರ್ದುವಿನ ‘ಬಢಈ’ ಕೂಡ ಇದೇ ಮೂಲದ್ದು. ಬೀದರ ಪೇಟೆಯಲ್ಲಿ ಒಬ್ಬ ‘ಬಡಗಿ’ ಎಂದೂ ಇನ್ನೊಬ್ಬ ‘ಬಢಈ’ ಎಂದೂ ಕರೆದರೆ ಇಬ್ಬರೂ ಒಂದೇ ಪದದ ಎರಡು ರೂಪಗಳನ್ನು ನುಡಿಯುತ್ತಾರೆ.

ಜೈನಾಗಮಗಳಲ್ಲಿ ಒಂದಾದ ಉತ್ತರಾಧ್ಯಯನ ಸೂತ್ರದ 19ನೆಯ ಅಧ್ಯಯನದಲ್ಲಿ ಮೃಗಾಪುತ್ರನ ಕಥೆಯಿದೆ. ನರಕದಲ್ಲಿ ತಾನು ಅನುಭವಿಸಿದ ಯಾತನೆಯನ್ನು ಹೇಳುವಾಗ ಆತ ಬಡಗಿಗಳ ಕೈಗೆ ಸಿಕ್ಕ ಮರದ ಹೋಲಿಕೆಯನ್ನು ಕೊಡುತ್ತಾನೆ. ಕೊಡಲಿ, ಪರಶುಗಳಿಂದ ಮರವನ್ನು ಕಡಿಯುವುದು, ಸೀಳುವುದು, ತುಂಡರಿಸುವುದು, ಕೆತ್ತುವುದು ಅಲ್ಲಿ ಬೇರೆ ಬೇರೆ ಕ್ರಿಯಾಪದಗಳಾಗಿ ಬರುತ್ತವೆ. ವೈರಾಗ್ಯವನ್ನು ಬೋಧಿಸುವ ಈ ಪದ್ಯ ಬಡಗಿಯ ಕೆಲಸದ ಹಂತಗಳನ್ನು ಬಲ್ಲವರ ಮಾತೆಂಬುದು ಸ್ಪಷ್ಟ. ಮರ ಕಡಿಯುವುದು ಬೇರೆ, ಸೀಳುವುದು ಬೇರೆ, ಕೆತ್ತುವುದು ಬೇರೆ. ಪ್ರತಿಯೊಂದಕ್ಕೂ ಬೇರೆ ಉಪಕರಣ, ಬೇರೆ ಹದ.

ಅದೇ ಅಧ್ಯಯನದ ಕೊನೆಯಲ್ಲಿ ‘ವಾಸೀಚಂದನ’ ಎಂಬ ಸಮಾಸ ಬರುತ್ತದೆ. ಕಲ್ಪಸೂತ್ರದಲ್ಲಿ ಮಹಾವೀರನ ಸಮಭಾವವನ್ನು ಬಣ್ಣಿಸುವಾಗಲೂ ಇದೇ ಹೋಲಿಕೆಯ ಬಳಕೆಯಿದೆ. ಒಬ್ಬ ವಾಸಿಯಿಂದ ಕೆತ್ತಿದರೂ ಇನ್ನೊಬ್ಬ ಚಂದನವನ್ನು ಲೇಪಿಸಿದರೂ ಮುನಿ ಸಮನಾಗಿರುತ್ತಾನೆ ಎಂಬುದು ಒಂದು ಅರ್ಥ. ತನ್ನನ್ನು ಕೆತ್ತುವ ವಾಸಿಗೂ ಗಂಧದ ಮರ ಪರಿಮಳವನ್ನೇ ಕೊಡುವಂತೆ ಮಹಾತ್ಮರು ನಡೆಯುತ್ತಾರೆ ಎಂಬುದು ಹರಿಭದ್ರಸೂರಿ ಎತ್ತಿ ತೋರಿಸುವ ಇನ್ನೊಂದು ಅರ್ಥ. ಈ ‘ವಾಸಿ’ ಯಾವುದು? ಋಗ್ವೇದದಲ್ಲಿ ‘ವಾಶೀ’ ಎಂದು ಕಾಣಿಸಿಕೊಂಡು, ಹಿಂದಿಯಲ್ಲಿ ‘ಬಸೂಲಾ’ ಆಗಿ, ಕನ್ನಡದಲ್ಲಿ ‘ಬಾಚಿ’ಯಾಗಿ ಉಳಿದಿರುವ ಉಪಕರಣವೇ ಅದು. ಕೊಡಲಿಯ ಅಲಗು ಕಾವಿನ ನೇರಕ್ಕಿರುತ್ತದೆ. ಬಾಚಿಯ ಅಲಗು ಕಾವಿಗೆ ಅಡ್ಡವಾಗಿರುತ್ತದೆ. ಕೊಡಲಿ ಮರವನ್ನು ಕಡಿಯುತ್ತದೆ, ಬಾಚಿ ಅದರ ಮೈಯನ್ನು ಸಿಪ್ಪೆಸಿಪ್ಪೆಯಾಗಿ ಎಬ್ಬಿಸಿ ಸಮಮಾಡುತ್ತದೆ. ಮೈಯ ಸಿಪ್ಪೆ ಏಳುವ ಈ ನೋವನ್ನು ಮನಸ್ಸಿಗೆ ತಂದುಕೊಂಡರೆ ಆಗಮಕಾರರು ಹೋಲಿಕೆಗೆ ಕೊಡಲಿಯನ್ನು ಬಿಟ್ಟು ವಾಸಿಯನ್ನೇ ಏಕೆ ಆರಿಸಿಕೊಂಡರೆಂಬುದು ತಿಳಿಯುತ್ತದೆ.

ಭಾಲ್ಕಿಯ ನೆರೆಯ ತಾಲ್ಲೂಕಾದ ಬಸವಕಲ್ಯಾಣದಲ್ಲಿ 12ನೆಯ ಶತಮಾನದಲ್ಲಿ ನೆರೆದ ಶರಣರ ಸಮೂಹದಲ್ಲಿ ‘ಬಾಚಿಕಾಯಕದ ಬಸವಯ್ಯ’ ಎಂಬ ವಚನಕಾರನಿದ್ದ. ಆತನ ಪತ್ನಿ ಕಾಳವ್ವೆಯೂ ವಚನಗಳನ್ನು ರಚಿಸಿದವಳು. ಬಸವಯ್ಯನನ್ನು ಉಳಿದ ಬಸವರಿಂದ ಬೇರೆಯಾಗಿ ಗುರುತಿಸುವುದು ಕುಲದ ಹೆಸರಲ್ಲ, ಊರಿನ ಹೆಸರಲ್ಲ. ಕೈಯಲ್ಲಿದ್ದ ಉಪಕರಣದ ಹೆಸರು. ಬಡಗಿಯ ಚೀಲದಲ್ಲಿ ಉಳಿ, ಗರಗಸ, ಬೈರಿಗೆ, ಕೊಡತಿ ಎಲ್ಲವೂ ಇರುತ್ತವೆ. ಅವುಗಳೊಳಗೆ ಬಾಚಿಯೊಂದೇ ಇಡೀ ಕಾಯಕಕ್ಕೆ ಹೆಸರಾಗಿ ನಿಂತಿತೆಂದರೆ ಆ ಕಾಲದ ಮರಗೆಲಸದಲ್ಲಿ ಅದರ ಸ್ಥಾನ ಎಂಥದೆಂಬುದನ್ನು ಊಹಿಸಬಹುದು. ಆಗಮದಲ್ಲಿ ಸಮಭಾವದ ಒರೆಗಲ್ಲಾಗಿದ್ದ ಉಪಕರಣ ಕಲ್ಯಾಣದಲ್ಲಿ ಒಬ್ಬ ಶರಣನ ಕಾಯಕದ ಗುರುತಾಯಿತು.

ಸೂತ್ರ ಮತ್ತು ಅಂಗುಲ

ಭಾತಂಬ್ರಾ ಸೀಮೆಯಲ್ಲಿ ಬಡಗಿಗೆ ಮರಾಠಿಯ ‘ಸುತಾರ’ ಎಂಬ ಹೆಸರೂ ಉಂಟು. ಇದರ ಮೂಲ ‘ಸೂತ್ರಧಾರ’, ಅಂದರೆ ನೂಲು ಹಿಡಿದವನು. ನಾಟಕದ ಸೂತ್ರಧಾರನಿಗಿಂತ ಬೇರೆಯಾದ ಈ ಸೂತ್ರಧಾರ ಬಣ್ಣದಲ್ಲಿ ಅದ್ದಿದ ನೂಲನ್ನು ದಿಮ್ಮಿಯ ಎರಡು ತುದಿಗೆ ಬಿಗಿದು ಎಳೆದು ಬಿಡುತ್ತಾನೆ. ಮರದ ಮೇಲೆ ನೇರವಾದ ಗೆರೆ ಮೂಡುತ್ತದೆ. ಮರ ಎಷ್ಟೇ ಡೊಂಕಾಗಿರಲಿ, ನೂಲು ನೇರವಾಗಿರುತ್ತದೆ. ಗರಗಸ ನಡೆಯಬೇಕಾದದ್ದು ನೂಲಿನ ದಾರಿಯಲ್ಲಿ.

ನೂಲು ನೇರವನ್ನು ಕೊಟ್ಟರೆ ಅಂಗುಲ ಅಳತೆಯನ್ನು ಕೊಟ್ಟಿತು. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಶಯ್ಯೆ ಮತ್ತು ಆಸನಗಳ ಲಕ್ಷಣಕ್ಕೆಂದೇ ಒಂದು ಅಧ್ಯಾಯವಿದೆ. ಹೊಟ್ಟು ತೆಗೆದ 8 ಜವೆಗೋದಿ ಕಾಳುಗಳನ್ನು ಹೊಟ್ಟೆಗೆ ಹೊಟ್ಟೆ ತಾಗಿಸಿ ಇಟ್ಟರೆ ಒಂದು ‘ಕರ್ಮಾಂಗುಲ’ ಎಂಬುದು ಅಲ್ಲಿನ ಲೆಕ್ಕ. ಅರಸನ ಮಂಚದ ಉದ್ದ ಇಂಥ 100 ಅಂಗುಲ; ಯುವರಾಜನಿಗೆ 90, ಮಂತ್ರಿಗೆ 84, ಸೇನಾಪತಿಗೆ 78, ಪುರೋಹಿತನಿಗೆ 72. ಅಂತಸ್ತಿನ ಪ್ರಕಾರ ಮಂಚ ಕುಗ್ಗುವುದು ಇಂದಿನ ಓದುಗನಿಗೆ ನಗೆ ತರಿಸಬಹುದು. ಆದರೆ ಅಳತೆಯ ಮೂಲಮಾನವನ್ನು ಎಲ್ಲ ಊರಲ್ಲೂ ಸಿಗುವ ಧಾನ್ಯದ ಮೇಲೆ ನಿಲ್ಲಿಸಿದ ಜಾಣ್ಮೆ ಚಿಕ್ಕದಲ್ಲ.

ಬ್ರಿಟಿಷರ ಕಾಲದಲ್ಲಿ ಇಂಚು ಬಂದಿತು. 1956ರ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯ ಬಳಿಕ ಮೀಟರು ಬಂದಿತು. ಹೀಗಿದ್ದರೂ ಬಡಗಿಗಳ ಬಾಯಲ್ಲಿ ಇಂಚು ಇಂದಿಗೂ ‘ಸೂತ’ಗಳಾಗಿ ಒಡೆಯುತ್ತದೆ. ಒಂದು ಇಂಚಿಗೆ 8 ಸೂತ. ‘ಸೂತ’ ಎಂದರೆ ಮತ್ತೆ ನೂಲೇ. ಅಂಗುಲಕ್ಕೆ 8 ಜವೆಯಂತೆ ಇಂಚಿಗೆ 8 ಸೂತ. ಅರ್ಧ, ಅರ್ಧದ ಅರ್ಧ, ಅದರ ಅರ್ಧ ಎಂದು ಮಡಿಸುತ್ತ ಹೋಗುವ ಕೈಗೆ 8 ಸಹಜವಾದ ಸಂಖ್ಯೆ. ಹತ್ತಾಗಿ ಒಡೆಯಲು ಪಟ್ಟಿ ಬೇಕು, ಎಂಟಾಗಿ ಒಡೆಯಲು ಒಂದು ನೂಲು ಸಾಕು.

ಮರವನ್ನು ಆರಿಸುವ ಶಾಸ್ತ್ರ

ಬೃಹತ್ಸಂಹಿತೆಯ ಅದೇ ಅಧ್ಯಾಯ ಮಂಚ–ಪೀಠಗಳಿಗೆ ತಕ್ಕ ಮರಗಳನ್ನು ಎಣಿಸುತ್ತದೆ. ಹೊನ್ನೆ, ಚಂದನ, ದೇವದಾರು, ಸಾಲ, ಶಿವನೆ, ಸಾಗುವಾನಿ, ಶಿಂಶಪಾ ಮೊದಲಾದವು ಆ ಪಟ್ಟಿಯಲ್ಲಿವೆ. ಬಳಸಬಾರದ ಮರಗಳ ಪಟ್ಟಿ ಇನ್ನೂ ಕುತೂಹಲಕರ. ಸಿಡಿಲು ಬಡಿದದ್ದು, ಗಾಳಿಗೆ ಬಿದ್ದದ್ದು, ಆನೆ ಮುರಿದದ್ದು, ಜೇನು ಕಟ್ಟಿದ್ದು, ಹಕ್ಕಿ ಗೂಡು ಮಾಡಿದ್ದು, ತುದಿ ಒಣಗಿದ್ದು, ಬಳ್ಳಿ ಬಿಗಿದದ್ದು, ಶ್ಮಶಾನದಲ್ಲಿ ಅಥವಾ ಚೈತ್ಯದ ಬಳಿ ಬೆಳೆದದ್ದು ವರ್ಜ್ಯ. ಇವುಗಳಿಂದ ಕುಲನಾಶ, ರೋಗ, ಭಯಗಳು ಬರುತ್ತವೆಂದು ಶಾಸ್ತ್ರ ಹೆದರಿಸುತ್ತದೆ.

ಈ ಹೆದರಿಕೆಯ ಹೊದಿಕೆಯನ್ನು ಸರಿಸಿದರೆ ಒಳಗೆ ಬಡಗಿಯ ಅನುಭವ ಕಾಣುತ್ತದೆ. ಸಿಡಿಲು, ಬಿರುಗಾಳಿ, ಆನೆಯ ಹೊಡೆತಕ್ಕೆ ಸಿಕ್ಕ ಮರದ ಒಳಗೆ ಹೊರಗೆ ಕಾಣದ ಸೀಳುಗಳಿರುತ್ತವೆ. ಜೇನು, ಹಕ್ಕಿ ನೆಲೆಸಿದ ಮರದಲ್ಲಿ ಪೊಟರೆಯಿರಬಹುದು. ತುದಿ ಒಣಗಿದ್ದು ಬೇರಿನ ರೋಗದ ಚಿಹ್ನೆ. ಬಳ್ಳಿ ಬಿಗಿದ ಕಾಂಡದ ನಾರು ತಿರುಚಿರುತ್ತದೆ. ಶ್ಮಶಾನ, ಚೈತ್ಯಗಳ ಮರದ ನಿಷೇಧ ಬೇರೆ ಬಗೆಯದು: ಅದು ಊರಿನವರೆಲ್ಲರ ನೆರಳನ್ನು ಒಬ್ಬನ ಮಂಚಕ್ಕಾಗಿ ಕಡಿಯದಂತೆ ತಡೆಯುವ ಕಟ್ಟಳೆ. ಗೂಡಿರುವ ಮರವನ್ನು ಬಿಡಬೇಕೆಂಬ ಮಾತಿನಲ್ಲಿ ಜೀವದಯೆಯೂ ಸೇರಿಕೊಂಡಿತು. ಜೈನ ಗೃಹಸ್ಥನ ಆಚಾರವನ್ನು ಹೇಳುವ ಗ್ರಂಥಗಳು ‘ವನಕರ್ಮ’ವನ್ನು, ಅಂದರೆ ಕಾಡು ಕಡಿದು ಮಾರುವ ವ್ಯಾಪಾರವನ್ನು, ವರ್ಜಿಸಬೇಕಾದ ವೃತ್ತಿಗಳಲ್ಲಿ ಎಣಿಸಿದವು. ಅದೇ ಪರಂಪರೆಯ ಪುರಾಣಗಳು ಆದಿತೀರ್ಥಂಕರನು ಜನರಿಗೆ ಕಲಿಸಿದ ಆರು ಕರ್ಮಗಳಲ್ಲಿ ‘ಶಿಲ್ಪ’ವನ್ನು ಸೇರಿಸಿದವು. ಇವೆರಡರ ನಡುವೆ ವಿರೋಧವಿಲ್ಲ. ಮರವನ್ನು ಬಳಸುವುದು ಬೇಕು, ವ್ಯರ್ಥವಾಗಿ ಕಡಿಯುವುದು ಬೇಡ. ಆಯ್ಕೆಯ ವಿವೇಕವೇ ಇವೆರಡನ್ನೂ ಕೂಡಿಸುವ ಕೊಂಡಿ.

ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಈ ವಿವೇಕಕ್ಕೆ ಕಥೆಯ ರೂಪ ಸಿಕ್ಕಿದೆ. ಆ ಅರಸನ ರಾಜಧಾನಿ ಮಾನ್ಯಖೇಟ ಬೀದರಕ್ಕೆ ನೆರೆಯ ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡ. ದಿಗ್ವಿಜಯಕ್ಕೆ ಹೊರಟ ಭರತನ ಸೈನ್ಯ ವಿಜಯಾರ್ಧ ಪರ್ವತದ ಗುಹೆಯನ್ನು ದಾಟುವಾಗ ಎರಡು ನದಿಗಳು ಅಡ್ಡ ಬರುತ್ತವೆ. ಉನ್ಮಗ್ನಜಲೆ ತನ್ನಲ್ಲಿ ಬಿದ್ದದ್ದನ್ನೆಲ್ಲ ಮೇಲಕ್ಕೆತ್ತುತ್ತದೆ. ನಿಮಗ್ನಜಲೆ ಬಿದ್ದದ್ದನ್ನೆಲ್ಲ ಮುಳುಗಿಸುತ್ತದೆ. ಸೇನಾಪತಿಯ ಪರಾಕ್ರಮ ಅಲ್ಲಿ ಉಪಯೋಗಕ್ಕೆ ಬಾರದು. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಒಂದಾದ ಸ್ಥಪತಿರತ್ನ, ಬೇರೆಡೆ ವರ್ಧಕಿರತ್ನವೆಂದು ಹೆಸರಾದ ಬಡಗಿ, ಮುಂದೆ ಬಂದು ಸೇತುವೆ ಕಟ್ಟುತ್ತಾನೆ. ನೀರಿನ ಗುಣವನ್ನೂ ಮರದ ಗುಣವನ್ನೂ ಅರಿತವನಿಗೆ ಮಾತ್ರ ಸಾಧ್ಯವಾದ ಕೆಲಸವದು. ಚಕ್ರವರ್ತಿಗೂ ಬಡಗಿ ಬೇಕು ಎಂಬುದನ್ನು ಪುರಾಣ ಮರೆಯಲಿಲ್ಲ.

ಕಲ್ಯಾಣದಲ್ಲಿ 1129ರ ಸುಮಾರಿಗೆ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸ ಅರಸನ ಉಪಭೋಗಗಳನ್ನು ಹೇಳುವಾಗ ಗೃಹ, ಆಸನ, ಶಯ್ಯೆ, ಯಾನ, ಪಾದುಕೆಗಳಿಗೆ ಬೇರೆ ಬೇರೆ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಇವು ಐದರಲ್ಲೂ ಬಡಗಿಯ ಕೈ ಇದೆ. ಬಾಚಿಕಾಯಕದ ಬಸವಯ್ಯ ಬದುಕಿದ್ದು ಇದೇ ಶತಮಾನದಲ್ಲಿ, ಇದೇ ಕಲ್ಯಾಣದಲ್ಲಿ. ಅರಸನ ಗ್ರಂಥ ಮಂಚವನ್ನು ವರ್ಣಿಸಿತು. ವಚನ ಮಂಚ ಮಾಡುವವನಿಗೆ ಮಾತು ಕೊಟ್ಟಿತು.

ತಖ್ತು, ರಂದಾ, ರಂಗೀನ್ ಮಹಲ್

15ನೆಯ ಶತಮಾನದ ಮೊದಲ ಭಾಗದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದನು. ಇರಾನಿನಿಂದ ವಿದ್ವಾಂಸರೂ ಕುಶಲಕರ್ಮಿಗಳೂ ಬಂದು ನೆಲೆಸಿದರು. ಮರಗೆಲಸದ ಭಾಷೆಯಲ್ಲಿ ಹೊಸದೊಂದು ಪದರ ಸೇರಿತು. ಮರದ ಮೈ ನುಣುಪು ಮಾಡುವ ಉಪಕರಣಕ್ಕೆ ಕನ್ನಡದಲ್ಲಿ ಉಜ್ಜುಗೊರಡು, ತೋಪಡ ಎಂಬ ಹೆಸರುಗಳಿದ್ದರೂ ಬೀದರ ಸೀಮೆಯಲ್ಲಿ ರೂಢಿಯಲ್ಲಿರುವುದು ಫಾರಸಿಯ ‘ರಂದಾ’. ಕುರ್ಚಿ, ಮೇಜು, ಸಂದೂಕು, ದರವಾಜಾ ಇವೂ ಅರಬ್ಬಿ–ಫಾರಸಿಯ ದಾರಿಯಲ್ಲಿ ಬಂದವು. ಪದ ಬಂದ ಮಾತ್ರಕ್ಕೆ ವಸ್ತುವೂ ಆಗಲೇ ಮೊದಲು ಬಂದಿತೆಂದು ಹೇಳಲಾಗದು. ಆದರೆ ಬಾಚಿ, ಉಳಿ, ಗರಗಸಗಳ ಹೆಸರು ಬದಲಾಗದೆ ರಂದಾ, ಸಂದೂಕುಗಳು ಹೊಸ ಹೆಸರು ಪಡೆದದ್ದು ಗಮನಾರ್ಹ. ಕಡಿಯುವ, ಕೆತ್ತುವ ಮೂಲ ಕೆಲಸ ಹಳ್ಳಿಯ ಭಾಷೆಯಲ್ಲೇ ಉಳಿಯಿತು. ನುಣುಪು ಮತ್ತು ಪೀಠೋಪಕರಣ ಆಸ್ಥಾನದ ಭಾಷೆಯಲ್ಲಿ ಬೆಳೆಯಿತು.

ಬಹಮನಿಗಳ ಹೆಸರಾಂತ ಸಿಂಹಾಸನ ‘ತಖ್ತ್-ಎ-ಫಿರೋಜಾ’ದ ಸಂಗತಿ ಇಲ್ಲಿ ನೆನಪಿಗೆ ಬರುತ್ತದೆ. ಬಿಜಾಪುರದಲ್ಲಿದ್ದು ಇತಿಹಾಸ ಬರೆದ ಫಿರಿಶ್ತಾ ಹೇಳುವ ಪ್ರಕಾರ, ತೆಲಂಗಾಣದ ಅರಸನು 14ನೆಯ ಶತಮಾನದಲ್ಲಿ ಒಂದನೆಯ ಮಹಮ್ಮದ್ ಶಾಹನಿಗೆ ಇದನ್ನು ಕೊಟ್ಟನು. ಅದರ ಒಡಲು ಕರಿಮರದ್ದು. ಮೇಲೆ ಚಿನ್ನದ ತಗಡು, ರತ್ನಗಳು, ನೀಲಿ ಬಣ್ಣದ ಮೀನಾಕಾರಿ. ಒಬ್ಬೊಬ್ಬ ಸುಲ್ತಾನನೂ ರತ್ನಗಳನ್ನು ಸೇರಿಸುತ್ತ ಹೋದನು. ಕೊನೆಗೆ ಬೀದರದಲ್ಲಿ ಮಹಮೂದ್ ಶಾಹನ ಆಳ್ವಿಕೆಯಲ್ಲಿ ರತ್ನಗಳಿಗಾಗಿಯೇ ಅದನ್ನು ಬಿಚ್ಚಲಾಯಿತು. ಚಿನ್ನವನ್ನೂ ರತ್ನವನ್ನೂ ಎಣಿಸಿದವರು ಬಹಳ ಮಂದಿ. ಅಷ್ಟು ಭಾರವನ್ನು ತಲೆಮಾರುಗಳವರೆಗೆ ಹೊತ್ತು ನಿಂತದ್ದು ಒಳಗಿನ ಮರ. ಕರಿಮರದ ಚೇಗು ನೀರಿನಲ್ಲಿ ಮುಳುಗುವಷ್ಟು ಸಾಂದ್ರ; ಬೇಗ ಸವೆಯುವುದಿಲ್ಲ, ಸುಲಭವಾಗಿ ಹುಳು ಹಿಡಿಯುವುದಿಲ್ಲ. ಅದನ್ನು ಆರಿಸಿದ ಅನಾಮಧೇಯ ಬಡಗಿ ತನ್ನ ವಸ್ತುವನ್ನು ಚೆನ್ನಾಗಿ ಬಲ್ಲವನಾಗಿದ್ದ.

ಬಹಮನಿಗಳ ಬಳಿಕ ಆಳಿದ ಬರೀದ್ ಶಾಹಿಗಳಲ್ಲಿ ಅಲಿ ಬರೀದನು (1542–1580) ಬೀದರ ಕೋಟೆಯ ರಂಗೀನ್ ಮಹಲನ್ನು ಈಗಿನ ರೂಪಕ್ಕೆ ತಂದನು. ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸಕ್ಕೆ ಅದು ಪ್ರಸಿದ್ಧ. ಅದರ ಸಭಾಂಗಣದ ಮರದ ಕಂಬಗಳು, ಬೋದಿಗೆಗಳು ಅಷ್ಟೇ ಮುಖ್ಯ. ಮರದ ಹಳೆಯ ಕೆತ್ತನೆ ಅಳಿದುಹೋದ ಈ ನಾಡಿನಲ್ಲಿ ಉಳಿದ ಅಪೂರ್ವ ಮಾದರಿಗಳು ಅವು. ಕಂಬಗಳ ಕೆತ್ತನೆಯಲ್ಲಿ ದೇಶೀ ಶೈಲಿಯೂ ಕಮಾನುಗಳಲ್ಲಿ ಹೊರಗಿನ ಶೈಲಿಯೂ ಬೆರೆತಿವೆ. ಚಾಲುಕ್ಯರ ಕಾಲದಲ್ಲಿ ಶಿಲ್ಪಿಗಳು ಕಲ್ಲನ್ನು ಮರದಂತೆ ತಿರುಗಿಸಿ ಕಡೆದು ನುಣುಪಾದ ಕಂಬಗಳನ್ನು ಮಾಡಿದ್ದರು. ರಂಗೀನ್ ಮಹಲಿನಲ್ಲಿ ಮರವೇ ಕಲ್ಲಿನ ಪಕ್ಕದಲ್ಲಿ ನಿಂತು ತನ್ನ ಹಕ್ಕನ್ನು ಮರಳಿ ಪಡೆದಂತಿದೆ.

ಆಯ, ಬಲುತೆ ಮತ್ತು ಗಾಡಿಯ ಗಾಲಿ

ಅರಮನೆಯ ಬಡಗಿಗಳು ಬೆರಳೆಣಿಕೆಯವರು. ಊರೂರಿನ ಬಡಗಿಗಳು ಅಸಂಖ್ಯ. ಕನ್ನಡ ನಾಡಿನಲ್ಲಿ ‘ಆಯ’, ಮರಾಠಿ ನಾಡಿನಲ್ಲಿ ‘ಬಲುತೆ’ ಎಂದು ಹೆಸರಾದ ವ್ಯವಸ್ಥೆಯಲ್ಲಿ ಬಡಗಿ ಊರಿನ ಹನ್ನೆರಡು ಕಸುಬುಗಳಲ್ಲಿ ಒಬ್ಬ. ರೈತನ ನೇಗಿಲು, ಕುಂಟೆ, ಕೂರಿಗೆ, ಗಾಡಿಗಳನ್ನು ವರ್ಷವಿಡೀ ನೋಡಿಕೊಳ್ಳುವುದು ಆತನ ಹೊಣೆ. ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುವುದು ರೈತನ ಹೊಣೆ. ಮೃಗಶಿರಾ ಮಳೆಗೆ ಮುಂಚೆ ಬಡಗಿಯ ಅಂಗಳದಲ್ಲಿ ಒಕ್ಕಲು ಉಪಕರಣಗಳ ಸಾಲು ನಿಲ್ಲುತ್ತಿತ್ತು. ಈ ವ್ಯವಸ್ಥೆಯಲ್ಲಿ ಜಾತಿಯ ಏಣಿಯೂ ಇತ್ತು, ಮಳೆ ಹೋದ ವರ್ಷ ಬಡಗಿಯ ಮನೆಗೂ ಹಸಿವು ಬರುತ್ತಿತ್ತು. ಅದನ್ನು ಮರೆತು ಹೊಗಳುವುದು ಇತಿಹಾಸವಾಗದು. ಆದರೂ ಒಂದು ಗುಣ ಅದರಲ್ಲಿತ್ತು. ಮಾಡಿದ ನೇಗಿಲು ಮುರಿದರೆ ಅದನ್ನು ಮತ್ತೆ ಮಾಡಿಕೊಡಬೇಕಾದವನು ಅದೇ ಬಡಗಿ. ಕೆಟ್ಟ ಮರವನ್ನು ಆರಿಸಿದರೆ ಅದರ ದಂಡ ಆತನ ಬೆನ್ನಿಗೇ ಬೀಳುತ್ತಿತ್ತು.

ಆಯ್ಕೆ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಗಾಡಿಯ ಗಾಲಿಯೇ ಒಳ್ಳೆಯ ಉದಾಹರಣೆ. ದಖ್ಖನಿನ ಬಯಲಿನಲ್ಲಿ ಗಾಲಿಗೆ ಒಪ್ಪಿದ ಮರ ಕರಿಜಾಲಿ. ಅದು ಗಟ್ಟಿ, ಬಿಗಿ, ಹೊಡೆತಕ್ಕೆ ಸುಲಭವಾಗಿ ಸೀಳದು. ಅದರ ಹೊರಗಿನ ಬಿಳಿಮರಕ್ಕೆ ಹುಳು ಬೇಗ ಹತ್ತುವುದರಿಂದ ಕಡಿದ ದಿಮ್ಮಿಯನ್ನು ಕೆಲಕಾಲ ನೀರಿನಲ್ಲಿ ಮುಳುಗಿಸಿಡುವ ರೂಢಿಯಿತ್ತು. ಬಳಿಕ ನೆರಳಿನಲ್ಲಿ ಒಣಗಿಸಬೇಕು. ತುದಿಗಳು ಮೊದಲು ಒಣಗಿ ಬಿರಿಯದಂತೆ ಸಗಣಿಯನ್ನೋ ಕೆಸರನ್ನೋ ಬಳಿಯಬೇಕು. ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಅವುಗಳ ಮೇಲಿನ ಬಳಸುತುಂಡುಗಳು ಕೂಡಿದ ಮೇಲೆ ಕಮ್ಮಾರನ ಸರದಿ. ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿದ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿದರೆ ಅದು ಹಿಗ್ಗುತ್ತದೆ. ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಎಲ್ಲ ಜೋಡಣೆಗಳನ್ನು ಬಿಗಿಯುತ್ತದೆ. ಮರ ಹಸಿಯಾಗಿದ್ದರೆ ಆಮೇಲೆ ಅದೂ ಕುಗ್ಗಿ ಹಳಿ ಸಡಿಲಾಗುತ್ತದೆ. ಒಣಗಿಸುವಲ್ಲಿ ಉಳಿಸಿದ ಕಾಲ ದಾರಿಯಲ್ಲಿ ಗಾಲಿ ಕಳಚಿದಾಗ ಲೆಕ್ಕಕ್ಕೆ ಬರುತ್ತದೆ.

ಬೇರೆ ಕೆಲಸಕ್ಕೆ ಬೇರೆ ಮರ. ಹುಣಸೆಯ ಚೇಗು ಕೊಡತಿಗೆ, ಒನಕೆಗೆ, ಗಾಣಕ್ಕೆ. ಬೇವು ಕದಕ್ಕೆ, ಪೆಟ್ಟಿಗೆಗೆ. ಅದರ ಕಹಿ ಹುಳುವನ್ನ ದೂರವಿಡುತ್ತದೆ. ಮಾವು ಅಗ್ಗದ ಹಲಗೆಗೆ. ತೇವ ತಾಗದಿದ್ದರೆ ಬಾಳುತ್ತದೆ, ತಾಗಿದರೆ ಇಲ್ಲ. ಬಿದಿರು ಕೂರಿಗೆಯ ಬೀಜ ಇಳಿಯುವ ಕೊಳವೆಗೆ. ಸಾಗುವಾನಿ ಗೋದಾವರಿ ತೀರದ ಕಾಡುಗಳಿಂದ ಬರಬೇಕಾದ್ದರಿಂದ ಅದು ವಾಡೆಗಳ ತೊಲೆ, ಚೌಕಟ್ಟುಗಳಿಗೆ ಮೀಸಲು. ಸಾಗುವಾನಿಯಲ್ಲಿ ಸಹಜವಾದ ಎಣ್ಣೆಯಿದೆ. ಗೆದ್ದಲು ಬೇಗ ಮುಟ್ಟದು, ಹವೆ ಬದಲಾದರೂ ಹೆಚ್ಚು ಹಿಗ್ಗಿ ಕುಗ್ಗದು. ಹಾಗೆಂದು ಎಲ್ಲಕ್ಕೂ ಸಾಗುವಾನಿ ಬೇಕೆಂದಲ್ಲ. ಸಾಗುವಾನಿಯ ಕೊಡತಿ ಹುಣಸೆಯದರಷ್ಟು ಬಾಳುವುದಿಲ್ಲ. ಬೆಲೆಯ ಮರವೇ ಒಳ್ಳೆಯ ಮರವಲ್ಲ. ಕೆಲಸಕ್ಕೆ ಒಪ್ಪುವ ಮರ ಒಳ್ಳೆಯದು.

ಅಂಟು ಮತ್ತು ಹಲಗೆಯ ಕಾಲ

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡ ರಾಜ್ಯಕ್ಕೆ ಬಂದಿತು. ಜಹಗೀರುಗಳು ಹೋದವು, ಆಯದ ಕಟ್ಟು ಸಡಿಲಿತು. ರಬ್ಬರು ಟೈರಿನ ಗಾಡಿ, ಬಳಿಕ ಟ್ರ್ಯಾಕ್ಟರು ಬಂದು ಮರದ ಗಾಲಿಯನ್ನು ಅಂಗಳದ ಮೂಲೆಗೆ ತಳ್ಳಿದವು. ಕೂರಿಗೆ ಕಬ್ಬಿಣದ್ದಾಯಿತು. ಬಡಗಿಗೆ ಉಳಿದದ್ದು ಮನೆಯ ಕದ, ಕಿಟಕಿ, ಮಂಚ, ಕಪಾಟು.

ಇದೇ ಅವಧಿಯಲ್ಲಿ ಅಂಟಿನಲ್ಲೂ ಪರಿವರ್ತನೆಯಾಯಿತು. ಬೃಹತ್ಸಂಹಿತೆ ‘ವಜ್ರಲೇಪ’ವನ್ನು ಹೇಳುವಾಗ ಎಳೆಯ ತೂಬರೆಕಾಯಿ, ಎಳೆಯ ಬೇಲದಕಾಯಿ, ಬೂರುಗದ ಹೂಗಳನ್ನು ನೀರಿನಲ್ಲಿ ಎಂಟನೆಯ ಒಂದು ಭಾಗಕ್ಕೆ ಇಳಿಯುವಂತೆ ಕುದಿಸಿ, ಗುಗ್ಗುಳ ಮೊದಲಾದ ಅಂಟುಗಳನ್ನು, ಅಗಸೆಯನ್ನು, ಬಿಲ್ವವನ್ನು ಸೇರಿಸಲು ಸೂಚಿಸುತ್ತದೆ. ಇದು ಸಸ್ಯಮೂಲದ ಲೇಪ. ಬಡಗಿಗಳ ನಡುವೆ ಹೆಚ್ಚು ಬಳಕೆಯಲ್ಲಿದ್ದದ್ದು ಪ್ರಾಣಿಗಳ ತೊಗಲು, ಮೂಳೆಗಳನ್ನು ಕುದಿಸಿ ತೆಗೆಯುವ ಅಂಟು. ಉರ್ದುವಿನಲ್ಲಿ ಅದು ‘ಸರೇಶ್’. ಪ್ರತಿದಿನ ಕಾಯಿಸಬೇಕು, ನಾತವನ್ನು ಸಹಿಸಬೇಕು, ತೇವದಲ್ಲಿ ಅದು ಬಿಡುತ್ತದೆ. 1959ರಲ್ಲಿ, ಗುಜರಾತಿನ ಮಹುವಾದಲ್ಲಿ ಹುಟ್ಟಿದ ಬಲವಂತ ಪಾರೇಖರ ಕಂಪನಿ ‘ಫೆವಿಕಾಲ್’ ಎಂಬ ಕೃತಕ ಬಿಳಿ ಅಂಟನ್ನು ಮಾರುಕಟ್ಟೆಗೆ ತಂದಿತು. ಅದು ಬಡಗಿಗಳ ಒಲೆಯನ್ನು ಆರಿಸಿತು. ಅಹಿಂಸೆಯ ದೃಷ್ಟಿಯಿಂದಲೂ ಅದು ಸಣ್ಣ ಬದಲಾವಣೆಯಲ್ಲ. ಆದರೆ ಅಂಟು ಬಲವಾದಷ್ಟೂ ಜೋಡಣೆಯ ಕಲೆ ದುರ್ಬಲವಾಯಿತು. ಹಿಂದೆ ಒಂದು ತುಂಡಿನ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರ ಕುಳಿಯಲ್ಲಿ ಕೂರಿಸಿ ಬಿದಿರಿನ ಮೊಳೆ ಹೊಡೆದರೆ ಅಂಟಿಲ್ಲದೆಯೂ ಕದ ನಿಲ್ಲುತ್ತಿತ್ತು. ಈಗ ಪ್ಲೈವುಡ್ಡಿನ ಎರಡು ಹಲಗೆಗಳನ್ನು ಒತ್ತಿ ಅಂಟಿಸಿ ಸ್ಕ್ರೂ ಬಿಗಿದರೆ ಕೆಲಸ ಮುಗಿಯುತ್ತದೆ.

ಪ್ಲೈವುಡ್ಡನ್ನು ತಿರಸ್ಕರಿಸಬೇಕಾಗಿಲ್ಲ. ಒಂದರ ಮೇಲೊಂದು ನಾರಿನ ದಿಕ್ಕನ್ನು ಅಡ್ಡಡ್ಡ ಇಟ್ಟು ಅಂಟಿಸುವುದರಿಂದ ಅದು ಸೀಳದು, ಬಾಗದು. ಅಗಲವಾದ ಮರವಿಲ್ಲದ ನಾಡಿಗೆ ಅದು ವರ. ಆದರೆ ಎಲ್ಲ ಹಲಗೆಯೂ ಒಂದೇ ತೆರನಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ ಅಗ್ಗದ ಹಲಗೆ ನೀರು ತಾಗಿದ ಕೂಡಲೇ ಉಬ್ಬುತ್ತದೆ, ಅದರ ಅಂಚಿಗೆ ಹೊಡೆದ ಮೊಳೆ ನಿಲ್ಲದು. ಮೇಲಿನ ಹಾಳೆಯ ಬಣ್ಣ ನೋಡಿ ಕೊಳ್ಳುವವನಿಗೂ ಸಿಡಿಲು ಬಡಿದ ಮರವನ್ನು ತೊಗಟೆ ನೋಡಿ ಆರಿಸಿದವನಿಗೂ ವ್ಯತ್ಯಾಸವಿಲ್ಲ.

ಇಂದು ಮನೆಯಲ್ಲೇ ಸಣ್ಣಪುಟ್ಟ ಮರಗೆಲಸ ಮಾಡಬಯಸುವವರಿಗೆ ಈ ಇತಿಹಾಸ ಕೊಡುವ ತಿಳಿವಳಿಕೆ ಸರಳವಾದದ್ದು. ಉಪಕರಣ ಬಹಳ ಬೇಕಿಲ್ಲ. ಒಂದು ಗರಗಸ, ಎರಡು ಮೂರು ಅಗಲದ ಉಳಿಗಳು, ಒಂದು ಕೊಡತಿ, ಒಂದು ರಂದಾ, ಒಂದು ಮೂಲೆಮಟ್ಟ, ಒಂದು ಬೈರಿಗೆ, ಸಾಣೆಕಲ್ಲು ಇದ್ದರೆ ಸಾಕು. ಅವುಗಳೊಳಗೆ ಹೆಚ್ಚು ಅಲಕ್ಷ್ಯಕ್ಕೊಳಗಾಗುವುದು ಸಾಣೆಕಲ್ಲು. ಮೊಂಡಾದ ಉಳಿ ಹೆಚ್ಚು ಬಲ ಕೇಳುತ್ತದೆ, ಬಲ ಹೆಚ್ಚಿದಾಗ ಜಾರುತ್ತದೆ, ಜಾರಿದಾಗ ಕೈ ಕೊಯ್ಯುತ್ತದೆ. ಗರಗಸವನ್ನು ಕೊಳ್ಳುವಾಗ ಹಲ್ಲಿನ ದಿಕ್ಕನ್ನು ಗಮನಿಸಬೇಕು. ಹಳೆಯ ದೇಶೀ ಗರಗಸಗಳು ಹೆಚ್ಚಾಗಿ ಎಳೆದಾಗ ಕೊಯ್ಯುವಂಥವು, ನೆಲದ ಮೇಲೆ ಕುಳಿತು ಪಾದದಿಂದ ಮರವನ್ನು ಒತ್ತಿ ಹಿಡಿಯುವ ಕೆಲಸಗಾರನಿಗೆ ಅನುಕೂಲವಾದವು. ಯುರೋಪಿನ ಮಾದರಿಯವು ತಳ್ಳಿದಾಗ ಕೊಯ್ಯುತ್ತವೆ. ಅವಕ್ಕೆ ಎತ್ತರದ ಮೇಜೂ ಮರವನ್ನು ಬಿಗಿಹಿಡಿಯುವ ಸಾಧನವೂ ಬೇಕು. ಕೂರುವ ರೀತಿ ಬದಲಾಗದೆ ಉಪಕರಣ ಮಾತ್ರ ಬದಲಾದರೆ ಕೆಲಸ ಕೆಡುತ್ತದೆ.

ಮರವನ್ನು ಕೊಳ್ಳುವಾಗ ಅದರ ತುದಿಯನ್ನು ನೋಡಬೇಕು. ವರ್ಷದ ಬಳೆಗಳು, ಬಿರುಕು, ಚೇಗು ಮತ್ತು ಬಿಳಿಮರದ ಪ್ರಮಾಣ ಕಾಣುವುದು ಅಲ್ಲೇ. ಉದ್ದಕ್ಕೆ ಕಣ್ಣು ಹಾಯಿಸಿ ತಿರುಚಿದೆಯೇ ಎಂದು ಪರೀಕ್ಷಿಸಬೇಕು. ಬೆರಳಿನಿಂದ ತಟ್ಟಿ ದನಿ ಕೇಳಬೇಕು; ಪೊಳ್ಳಾದ ಮರ ಪೊಳ್ಳು ದನಿಯನ್ನೇ ಕೊಡುತ್ತದೆ. ತಂದ ಕೂಡಲೇ ಕೊಯ್ಯದೆ ಮನೆಯ ಹವೆಗೆ ಒಗ್ಗುವಂತೆ ಕೆಲವು ದಿನ ಇಡಬೇಕು. ಬೀದರದ ಬೇಸಿಗೆ ಒಣಹವೆಯದು, ಶ್ರಾವಣ ತೇವದ್ದು; ಮರ ಎರಡನ್ನೂ ಉಸಿರಾಡುತ್ತದೆ. ಹೊಲದ ಬದುವಿನ ಬೇವು ತಾನಾಗಿ ಬಿದ್ದರೆ, ಒಳಗೆ ಸೀಳಿಲ್ಲದಿದ್ದರೆ, ಅದನ್ನು ಕೊಯ್ಯಿಸಿ ನೆರಳಲ್ಲಿಟ್ಟು ಒಣಗಿಸಿದ ಹಲಗೆ ಪೇಟೆಯ ಅಗ್ಗದ ಪುಡಿಹಲಗೆಗಿಂತ ಮೂರು ಪಟ್ಟು ಹೊಣೆ ಕೇಳಬಹುದು, ಆದರೆ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ.

ಪ್ರಾಕೃತದ ವಾಸಿ, ಸಂಸ್ಕೃತದ ಸೂತ್ರ, ಕನ್ನಡದ ಕೊಡತಿ, ಫಾರಸಿಯ ರಂದಾ, ಇಂಗ್ಲಿಷಿನ ಸ್ಕ್ರೂ ಇವೆಲ್ಲ ಭಾತಂಬ್ರಾ ಸೀಮೆಯ ಒಬ್ಬ ಬಡಗಿಯ ಒಂದೇ ಚೀಲದಲ್ಲಿ ಸೇರಿಕೊಂಡಿವೆ. ಅರಸರು ಬಂದು ಹೋದ ದಾಖಲೆ ಕಲ್ಲಿನಲ್ಲಿದ್ದರೆ, ಭಾಷೆಗಳು ಬಂದು ಬೆರೆತ ದಾಖಲೆ ಆ ಚೀಲದಲ್ಲಿದೆ. ಶಾಸನಗಳನ್ನು ಓದಿ ಪ್ರಕಟಿಸಿದಂತೆ ಊರೂರಿನ ಹಿರಿಯ ಬಡಗಿಗಳ ಬಾಯಲ್ಲಿ ಉಳಿದಿರುವ ಉಪಕರಣಗಳ ಹೆಸರು, ಮರಗಳ ಗುಣ, ಜೋಡಣೆಗಳ ಬಗೆಯನ್ನು ಬರೆದಿಡುವ ಕೆಲಸ ಜಿಲ್ಲೆಯ ವಿದ್ಯಾಸಂಸ್ಥೆಗಳ ಮುಂದಿದೆ. ಉಪಕರಣ ತುಕ್ಕು ಹಿಡಿದರೆ ಸಾಣೆ ಹಿಡಿಯಬಹುದು; ಹೆಸರು ಮರೆತುಹೋದರೆ ಅದರೊಡನೆ ಹೋಗುವುದು ಆರಿಸುವ ಬುದ್ಧಿ.